ಎರಡನೆಯ ಪ್ರತಿ

2024ರ ಮಾರ್ಚ್ 2, ಶನಿವಾರ. ಷೇರು ಮಾರುಕಟ್ಟೆಗೆ ವಾರದ ರಜೆ. ಆದರೂ ಅವತ್ತು ಮುಂಬೈನ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ಬೆಳಗ್ಗೆ 9.15ಕ್ಕೆ ವಹಿವಾಟು ಶುರುಮಾಡಿ 10 ಗಂಟೆಗೆ ನಿಲ್ಲಿಸಿತು. ಮತ್ತೆ 11.30ಕ್ಕೆ ತೆರೆದು 12.30ಕ್ಕೆ ಮುಚ್ಚಿತು. ಕೊಳ್ಳುವವರು ಕೊಂಡರು, ಮಾರುವವರು ಮಾರಿದರು. ಮೊಬೈಲಿನಲ್ಲಿ ದರ ನೋಡುತ್ತಿದ್ದವರಿಗೆ ಈ ಎರಡು ಅವಧಿಗಳ ನಡುವೆ ಏನೂ ವ್ಯತ್ಯಾಸ ಕಾಣಲಿಲ್ಲ. ಕಾಣಬಾರದು ಎಂಬುದೇ ಆ ದಿನದ ಉದ್ದೇಶ. ಮೊದಲ ಅವಧಿ ನಡೆದದ್ದು ಎಕ್ಸ್‌ಚೇಂಜ್‌ನ ಮುಖ್ಯ ಕೇಂದ್ರದ ಕಂಪ್ಯೂಟರುಗಳಿಂದ. ಎರಡನೆಯದು ನಡೆದದ್ದು ಮುಖ್ಯ ಕೇಂದ್ರ ಮುಳುಗಿದರೆ, ಸುಟ್ಟರೆ, ಕುಸಿದರೆ ಇರಲಿ ಎಂದು ದೂರದಲ್ಲಿ ಕಟ್ಟಿಟ್ಟ ಇನ್ನೊಂದು ಕೇಂದ್ರದಿಂದ.

ಸುಡದ, ಮುಳುಗದ ಒಂದು ದಿನ ಅಷ್ಟು ದೊಡ್ಡ ಸಂಸ್ಥೆ ರಜೆ ಬಿಟ್ಟು ಈ ತಾಲೀಮು ಮಾಡಿದ್ದು ಏಕೆ? ಉತ್ತರ ಹುಡುಕಲು ಸುಮಾರು ಅರ್ಧ ಶತಮಾನ ಹಿಂದಕ್ಕೆ ಹೋಗಬೇಕು. ಅದು ಕಂಪ್ಯೂಟರಿನ ಚರಿತ್ರೆ ಹೌದು. ಆದರೆ ಅದಕ್ಕಿಂತ ಹೆಚ್ಚಾಗಿ, ‘ನಮ್ಮ ಬಳಿ ಎರಡು ಇವೆ’ ಎಂದು ನಂಬಿದ್ದ ಮನುಷ್ಯರು ಕಷ್ಟಕಾಲದಲ್ಲಿ ‘ಇದ್ದದ್ದು ಒಂದೇ’ ಎಂದು ಕಂಡುಕೊಂಡ ಚರಿತ್ರೆ.

ಪಟ ಮತ್ತು ಕನ್ನಡಿ

ಮೊದಲು ಕೆಲವು ಮಾತುಗಳನ್ನು ಬಿಡಿಸಿಕೊಳ್ಳೋಣ. ಅನುವಾದದ ಕೆಲಸದಲ್ಲಿ ಕಂಪನಿಗಳ ತಾಂತ್ರಿಕ ಕೈಪಿಡಿಗಳು ಬಂದಾಗ ಬ್ಯಾಕಪ್, ರೆಪ್ಲಿಕೇಶನ್, ಡಿಸಾಸ್ಟರ್ ರಿಕವರಿ ಎಂಬ ಮೂರೂ ಶಬ್ದಗಳಿಗೆ ‘ನಕಲು’ ಎಂಬ ಒಂದೇ ಶಬ್ದ ಸಾಕು ಎಂದು ತೋರುವುದುಂಟು. ಸಾಲದು.

‘ನಕಲು’ ಅರಬ್ಬಿಯಿಂದ ಬಂದದ್ದು. ಅಲ್ಲಿ ಅದಕ್ಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಎಂಬ ಅರ್ಥವೂ ಇದೆ. ಅದರ ಜೋಡಿ ‘ಅಸಲು’ ಕೂಡ ಅರಬ್ಬಿಯದೇ, ಬೇರು ಎಂದು ಅರ್ಥ. ನಮ್ಮ ಕಚೇರಿಗಳಲ್ಲಿ ಈ ಜೋಡಿ ಎಷ್ಟು ನೆಲೆಯೂರಿದೆಯೆಂದರೆ ‘ನಕಲಿ’ ಎಂದರೆ ಮೋಸದ್ದು ಎಂದೇ ಆಗಿಬಿಟ್ಟಿದೆ. ಸಂಸ್ಕೃತದ ‘ಪ್ರತಿ’ಗೆ ಈ ಕಳಂಕವಿಲ್ಲ. ಕನ್ನಡದಲ್ಲಿ ಮೂಲವೂ ಪ್ರತಿಯೇ, ಅದರಿಂದ ಇಳಿಸಿಕೊಂಡದ್ದೂ ಪ್ರತಿಯೇ: ಮೂಲಪ್ರತಿ, ಹಸ್ತಪ್ರತಿ, ನಕಲುಪ್ರತಿ. ರೆಪ್ಲಿಕೇಶನ್ ಎಂಬುದರ ಲ್ಯಾಟಿನ್ ಬೇರಿಗೆ ಹಿಂದಕ್ಕೆ ಮಡಿಸು ಎಂಬ ಅರ್ಥವಿದೆ. ನಮ್ಮ ‘ಇಮ್ಮಡಿ’ಯಲ್ಲೂ ಇರುವುದು ಅದೇ ಮಡಿಕೆ.

ತಂತ್ರಜ್ಞರ ಬಳಕೆಯಲ್ಲಿ ಇವುಗಳ ವ್ಯತ್ಯಾಸ ಹೀಗೆ. ಬ್ಯಾಕಪ್ ಎಂದರೆ ಪಟ. ನಿನ್ನೆ ರಾತ್ರಿ ಲೆಕ್ಕ ಹೇಗಿತ್ತೋ ಹಾಗೆ ತೆಗೆದು ಒಳಗಿಟ್ಟದ್ದು. ರೆಪ್ಲಿಕೇಶನ್ ಎಂದರೆ ಕನ್ನಡಿ. ಇಲ್ಲಿ ಆದದ್ದೆಲ್ಲ ಅಲ್ಲಿಯೂ ಆಗಲೇ ಆಗುತ್ತದೆ. ಡಿಸಾಸ್ಟರ್ ರಿಕವರಿ ಎಂದರೆ ಪಟವನ್ನೋ ಕನ್ನಡಿಯನ್ನೋ ಹಿಡಿದುಕೊಂಡು ಬೇರೊಂದು ಊರಿನಲ್ಲಿ ಅಂಗಡಿಯನ್ನು ಮತ್ತೆ ತೆರೆಯುವ ಇಡೀ ಕೆಲಸ. ಯಂತ್ರ, ತಂತಿ, ಜನ, ಪಾಸ್‌ವರ್ಡ್, ಅಪ್ಪಣೆ ಎಲ್ಲ ಸೇರಿದ್ದು. ಪಟದ ಕೊರತೆ ಅದು ಹಳೆಯದಾಗಿರುವುದು. ಕನ್ನಡಿಯ ಕೊರತೆ, ಮುಖಕ್ಕೆ ಮಸಿ ಬಳಿದರೆ ಅದರಲ್ಲೂ ಮಸಿಯೇ ಕಾಣುವುದು. ಮುಂದೆ ಬರುವ ಕಥೆಗಳಿಗೆ ಇಷ್ಟು ನೆನಪಿದ್ದರೆ ಸಾಕು.

ಟ್ರಕ್ಕಿನಲ್ಲಿ ಹೋದ ಟೇಪುಗಳು

1970ರ ದಶಕದ ಕೊನೆಗೆ ಅಮೆರಿಕದ ಬ್ಯಾಂಕುಗಳೂ ದೊಡ್ಡ ಕಂಪನಿಗಳೂ ತಮ್ಮ ಲೆಕ್ಕಪತ್ರವನ್ನು ಮೇನ್‌ಫ್ರೇಮ್ ಎಂಬ ಕೋಣೆಗಾತ್ರದ ಕಂಪ್ಯೂಟರುಗಳಿಗೆ ಒಪ್ಪಿಸಿದ್ದವು. ಹಗಲಿನ ವ್ಯವಹಾರವನ್ನು ರಾತ್ರಿ ಒಟ್ಟಾಗಿ ಲೆಕ್ಕಕ್ಕೆ ಹಾಕುವುದು, ಅದನ್ನು ಮ್ಯಾಗ್ನೆಟಿಕ್ ಟೇಪಿಗೆ ಇಳಿಸುವುದು, ಟೇಪನ್ನು ಬೇರೆ ಕಟ್ಟಡಕ್ಕೆ ಕಳಿಸುವುದು. ಇದು ದಿನಚರಿ. ಟೇಪುಗಳು ಹೋಗುತ್ತಿದ್ದದ್ದು ವಾಹನದಲ್ಲಿ. ಇದಕ್ಕೆ ಆ ಕಸುಬಿನವರು ಗಂಭೀರವಾದ ತಾಂತ್ರಿಕ ಹೆಸರಿನ ಧಾಟಿಯಲ್ಲಿ ‘ಪಿಕಪ್ ಟ್ರಕ್ ಆಕ್ಸೆಸ್ ಮೆಥಡ್’ ಎಂದು ತಮಾಷೆಯ ಹೆಸರಿಟ್ಟಿದ್ದರು. ಆ ತಮಾಷೆ ಆಮೇಲೆ ಪಠ್ಯಗಳಿಗೂ ಸೇರಿತು.

ಟೇಪು ಸುರಕ್ಷಿತವಾಗಿದ್ದರೂ ಅದನ್ನು ಓದಲು ಅದೇ ಬಗೆಯ ಯಂತ್ರ ಬೇಕಿತ್ತು. ಕಟ್ಟಡ ಸುಟ್ಟುಹೋದರೆ ಹೊಸ ಮೇನ್‌ಫ್ರೇಮ್ ಬರಲು ವಾರಗಳೇ ಹಿಡಿಯುತ್ತಿದ್ದವು. ಈ ಚಿಂತೆಯನ್ನೇ ವ್ಯಾಪಾರವಾಗಿಸಿದ್ದು ಸನ್ ಇನ್‌ಫರ್ಮೇಶನ್ ಸಿಸ್ಟಮ್ಸ್. 1978ರಲ್ಲಿ ಅದು ಫಿಲಡೆಲ್ಫಿಯಾದಲ್ಲಿ ಒಂದು ‘ಹಾಟ್ ಸೈಟ್’ ತೆರೆಯಿತು. ಸದಾ ಸಜ್ಜಾಗಿರುವ ಕಂಪ್ಯೂಟರುಗಳ ಒಂದು ಕೇಂದ್ರ. ಹಲವು ಕಂಪನಿಗಳು ಚಂದಾ ಕಟ್ಟುತ್ತಿದ್ದವು. ಯಾರಿಗೆ ಆಪತ್ತು ಬಂತೋ ಅವರು ಟೇಪುಗಳನ್ನು ಎತ್ತಿಕೊಂಡು ಓಡಿಬಂದು ಅಲ್ಲಿ ಕೂತು ಕೆಲಸ ಮಾಡಬಹುದು. ಮುಂದೆ ಇದೇ ಕಂಪನಿ ಸನ್‌ಗಾರ್ಡ್ ಎಂದು ಹೆಸರಾಯಿತು. ಇದೊಂದು ಬಗೆಯ ವಿಮೆ. ಎಲ್ಲರ ಮನೆಗೂ ಒಂದೇ ದಿನ ಬೆಂಕಿ ಬೀಳುವುದಿಲ್ಲ ಎಂಬುದೇ ಅದರ ಲೆಕ್ಕಾಚಾರ.

ಇಲ್ಲಿ ಹುಟ್ಟಿದ ಎರಡು ಪ್ರಶ್ನೆಗಳು ಇವತ್ತಿಗೂ ಈ ಕಸುಬಿನ ಮೂಲಪಾಠ. ಎಷ್ಟು ಹೊತ್ತು ಬಾಗಿಲು ಮುಚ್ಚಿದ್ದರೆ ತಡೆದುಕೊಳ್ಳಬಹುದು? ಎಷ್ಟು ಹೊತ್ತಿನ ಲೆಕ್ಕ ಕಳೆದುಹೋದರೆ ಸಹಿಸಬಹುದು? ಟೇಪಿನ ಕಾಲದಲ್ಲಿ ಮೊದಲನೆಯದಕ್ಕೆ ಉತ್ತರ ಒಂದೆರಡು ದಿನ, ಎರಡನೆಯದಕ್ಕೆ ಒಂದು ದಿನ. ಎಟಿಎಂ ಬಂದ ಮೇಲೆ, ಫೋನಿನಲ್ಲೇ ಹಣ ಕಳಿಸುವ ಕಾಲ ಬಂದ ಮೇಲೆ ಎರಡಕ್ಕೂ ಉತ್ತರ ಸೊನ್ನೆಯ ಕಡೆಗೆ ಜಾರತೊಡಗಿತು.

ಬೆಳಕಿನ ವೇಗದ ತಕರಾರು

1994ರಲ್ಲಿ ಇಎಂಸಿ ಎಂಬ ಕಂಪನಿ ತನ್ನ ಸಿಮೆಟ್ರಿಕ್ಸ್ ಶೇಖರಣಾ ಪೆಟ್ಟಿಗೆಗಳಿಗೆ ಒಂದು ಹೊಸ ಸೌಲಭ್ಯ ಸೇರಿಸಿತು. ಅದರ ಹೆಸರು ಎಸ್‌ಆರ್‌ಡಿಎಫ್. ಒಂದು ಊರಿನ ಪೆಟ್ಟಿಗೆಯಲ್ಲಿ ಬರೆದದ್ದನ್ನು ಅದು ತಂತಿಯ ಮೂಲಕ ದೂರದ ಇನ್ನೊಂದು ಪೆಟ್ಟಿಗೆಯಲ್ಲಿ ತಾನೇ ಬರೆಯುತ್ತಿತ್ತು. ಟ್ರಕ್ಕಿನ ಕೆಲಸ ತಂತಿಗೆ ಬಂತು, ಪಟದ ಜಾಗಕ್ಕೆ ಕನ್ನಡಿ ಬಂತು.

ಕನ್ನಡಿಯನ್ನು ಎರಡು ಬಗೆಯಲ್ಲಿ ಹಿಡಿಯಬಹುದು. ನೀವು ಒಬ್ಬರಿಗೆ 500 ರೂಪಾಯಿ ಕಳಿಸುತ್ತೀರಿ ಎನ್ನಿ. ಇಲ್ಲಿಯೂ ಬರೆದು, ದೂರದ ಕೇಂದ್ರದಲ್ಲಿಯೂ ಬರೆದು, ಅಲ್ಲಿಂದ ‘ಬರೆದಾಯಿತು’ ಎಂಬ ಉತ್ತರ ಬಂದ ಮೇಲೆಯೇ ನಿಮಗೆ ‘ಹಣ ಹೋಯಿತು’ ಎಂದು ಹೇಳುವುದು ಒಂದು ಬಗೆ. ಇದರಲ್ಲಿ ಒಂದು ಪೈಸೆಯೂ ತಪ್ಪುವುದಿಲ್ಲ, ಆದರೆ ಪ್ರತಿಸಲವೂ ಕಾಯಬೇಕು. ಮೊದಲು ನಿಮಗೆ ‘ಆಯಿತು’ ಎಂದು ಹೇಳಿ, ದೂರದ ಪ್ರತಿಯನ್ನು ಹಿಂದಿನಿಂದ ಬರೆಸುವುದು ಇನ್ನೊಂದು ಬಗೆ. ಇದು ಚುರುಕು. ಆದರೆ ಆ ಸಣ್ಣ ಅಂತರದಲ್ಲೇ ಆಪತ್ತು ಬಂದರೆ ಅಷ್ಟು ಲೆಕ್ಕ ಕಳೆದುಹೋಗುತ್ತದೆ.

ಎಷ್ಟು ಕಾಯಬೇಕು ಎಂಬುದನ್ನು ನಿರ್ಧರಿಸುವುದು ಭೌತವಿಜ್ಞಾನ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. 100 ಕಿ.ಮೀ. ದೂರಕ್ಕೆ ಹೋಗಿಬರಲು 1 ಮಿಲಿಸೆಕೆಂಡ್. ಮುಂಬೈಯಿಂದ ಚೆನ್ನೈಗೆ ನೇರ ಗೆರೆ ಎಳೆದರೂ ಸಾವಿರ ಕಿ.ಮೀ.ಗೂ ಹೆಚ್ಚು. ಹೋಗಿಬರಲು 10 ಮಿಲಿಸೆಕೆಂಡಿಗೂ ಹೆಚ್ಚು. ನಮಗೆ ಅದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ. ಸೆಕೆಂಡಿಗೆ ಸಾವಿರಾರು ಆರ್ಡರ್ ತೆಗೆದುಕೊಳ್ಳುವ ಯಂತ್ರಕ್ಕೆ ಅದು ಯುಗ. ಹೀಗಾಗಿ ಹತ್ತಿರದ ಪ್ರತಿ ನಿಖರ, ಆದರೆ ಮುಖ್ಯ ಕೇಂದ್ರವನ್ನು ನುಂಗಿದ ಪ್ರವಾಹವೇ ಅದನ್ನೂ ನುಂಗಬಹುದು. ದೂರದ ಪ್ರತಿ ಸುರಕ್ಷಿತ, ಆದರೆ ಸ್ವಲ್ಪ ಹಿಂದೆ ಬಿದ್ದದ್ದು. ಎರಡೂ ಗುಣ ಒಂದರಲ್ಲೇ ಸಿಗುವುದಿಲ್ಲ.

ಸತ್ತವರ ಪಾಸ್‌ವರ್ಡ್

ಈ ಕಸುಬಿಗೆ ಅತಿ ಕಠಿಣ ಪರೀಕ್ಷೆ ಬಂದದ್ದು 2001ರ ಸೆಪ್ಟೆಂಬರ್ 11ರಂದು. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ಉತ್ತರ ಗೋಪುರದಲ್ಲಿ, ನೂರನೆಯ ಮಹಡಿಗೂ ಮೇಲೆ, ಕ್ಯಾಂಟರ್ ಫಿಟ್ಜರಾಲ್ಡ್ ಎಂಬ ಬಾಂಡ್ ವಹಿವಾಟಿನ ಸಂಸ್ಥೆಯಿತ್ತು. ಅವತ್ತು ಬೆಳಗ್ಗೆ ಕಚೇರಿಯಲ್ಲಿದ್ದ ಅದರ 658 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಸಂಸ್ಥೆಯ ದತ್ತಾಂಶ ಮಾತ್ರ ಉಳಿಯಿತು. ನ್ಯೂಜೆರ್ಸಿಯ ಒಂದು ಕೇಂದ್ರದಲ್ಲಿ ಅದರ ಕನ್ನಡಿ ಪ್ರತಿಯಿತ್ತು. ಎರಡೇ ದಿನಗಳಲ್ಲಿ, ಬಾಂಡ್ ಮಾರುಕಟ್ಟೆ ತೆರೆಯುವ ಹೊತ್ತಿಗೆ, ಅದರ ವಿದ್ಯುನ್ಮಾನ ವ್ಯವಹಾರ ಮತ್ತೆ ನಡೆಯಿತು.

ಆದರೆ ಆ ಎರಡು ದಿನಗಳಲ್ಲಿ ಉಳಿದವರು ಮಾಡಿದ ಕೆಲಸ ಯಾವ ಕೈಪಿಡಿಯಲ್ಲೂ ಇರಲಿಲ್ಲ. ಎಷ್ಟೋ ಖಾತೆಗಳ, ಕಡತಗಳ ಪಾಸ್‌ವರ್ಡುಗಳು ಸತ್ತವರಿಗೆ ಮಾತ್ರ ಗೊತ್ತಿದ್ದವು. ಸಂಸ್ಥೆಯ ಮುಖ್ಯಸ್ಥ ಹೊವರ್ಡ್ ಲುಟ್ನಿಕ್ ಸತ್ತವರ ಮನೆಗಳಿಗೆ ಫೋನ್ ಮಾಡಿ ಮದುವೆಯ ದಿನಾಂಕ ಯಾವುದು, ನಾಯಿಯ ಹೆಸರೇನು ಎಂಬಂಥ ವಿವರಗಳನ್ನು ಕೇಳಬೇಕಾಯಿತು. ಮೈಕ್ರೋಸಾಫ್ಟ್ ಕಳಿಸಿದ ತಜ್ಞರು ಅವುಗಳಿಂದ ಪಾಸ್‌ವರ್ಡುಗಳನ್ನು ಊಹಿಸಿ ತೆರೆದರು. ಲುಟ್ನಿಕ್ ಅವರ ಸ್ವಂತ ತಮ್ಮನೂ ಸತ್ತವರಲ್ಲಿ ಒಬ್ಬ. ದತ್ತಾಂಶಕ್ಕೆ ಎರಡು ಪ್ರತಿಯಿತ್ತು, ಬೀಗದ ಕೈಗೆ ಇದ್ದದ್ದು ಒಂದೇ. ಅದು ಮನುಷ್ಯರ ನೆನಪಿನಲ್ಲಿತ್ತು.

ಇನ್ನೂ ಒಂದು ‘ಒಂದು’ ಅವತ್ತು ಬಯಲಾಯಿತು. ಹಲವು ಹಣಕಾಸು ಸಂಸ್ಥೆಗಳು ಎಚ್ಚರಿಕೆಯಿಂದ ಬೇರೆಬೇರೆ ದೂರವಾಣಿ ಮಾರ್ಗಗಳನ್ನು ಕೊಂಡಿಟ್ಟಿದ್ದವು. ಆದರೆ ಆ ಮಾರ್ಗಗಳಲ್ಲಿ ಬಹಳಷ್ಟು ವರ್ಲ್ಡ್ ಟ್ರೇಡ್ ಸೆಂಟರಿನ ಪಕ್ಕದ ವೆರಿಜಾನ್ ಕಟ್ಟಡವೊಂದರ ಮೂಲಕವೇ ಹಾದುಹೋಗುತ್ತಿದ್ದವು. ಆ ಕಟ್ಟಡ ಜಖಂ ಆದಾಗ ಎರಡೆರಡು ದಾರಿ ಕೊಂಡವರಿಗೂ ದಾರಿ ಇಲ್ಲವಾಯಿತು. ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್ ಸೆಪ್ಟೆಂಬರ್ 17ರವರೆಗೆ ತೆರೆಯಲಿಲ್ಲ.

ಆಮೇಲೆ ಅಮೆರಿಕದ ನಿಯಂತ್ರಕರು ಎರಡನೆಯ ಕೇಂದ್ರ ಎಷ್ಟು ದೂರವಿರಬೇಕು ಎಂದು ಚರ್ಚೆಗಿಳಿದರು. 2002ರ ಕರಡಿನಲ್ಲಿ 200ರಿಂದ 300 ಮೈಲಿಯ ಮಾತು ಬಂತು. ಅಷ್ಟು ದೂರಕ್ಕೆ ನಿಖರ ಪ್ರತಿ ಸಾಧ್ಯವಿಲ್ಲ ಎಂದು ಬ್ಯಾಂಕುಗಳು ಹೇಳಿದವು. 2003ರ ಅಂತಿಮ ದಾಖಲೆಯಲ್ಲಿ ಮೈಲಿಯ ಲೆಕ್ಕವೇ ಇರಲಿಲ್ಲ. ಬೆಳಕಿನ ವೇಗದ ತಕರಾರು ಗೆದ್ದಿತ್ತು.

ಯಂತ್ರವೇ ಬರಹವಾದಾಗ

ಇಷ್ಟರಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದಿತ್ತು. ಒಂದು ದೊಡ್ಡ ಕಂಪ್ಯೂಟರನ್ನು ತಂತ್ರಾಂಶದ ಮೂಲಕ ಹಲವು ಕಂಪ್ಯೂಟರುಗಳಂತೆ ನಟಿಸುವಂತೆ ಮಾಡುವುದನ್ನು ಐಬಿಎಂ 1960ರ ದಶಕದಲ್ಲೇ ಪ್ರಯೋಗಿಸಿ, 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತ್ತು. ಆ ನಟನೆಯ ಕಂಪ್ಯೂಟರಿಗೆ ವರ್ಚುವಲ್ ಮಷೀನ್ ಎಂದು ಹೆಸರು. 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ವಿಎಂವೇರ್ ಈ ವಿದ್ಯೆಯನ್ನು ಸಾಮಾನ್ಯ ಕಂಪ್ಯೂಟರುಗಳಿಗೂ ತಂದಿತು.

ಆಪತ್ತಿನ ದೃಷ್ಟಿಯಿಂದ ಇದರ ಮಹತ್ವ ಇಷ್ಟು. ಸರ್ವರ್ ಎಂಬುದು ಈವರೆಗೆ ಕಬ್ಬಿಣದ ಪೆಟ್ಟಿಗೆಯಾಗಿತ್ತು. ಅದು ಕೆಟ್ಟರೆ ಅದೇ ಬಗೆಯ ಇನ್ನೊಂದು ಪೆಟ್ಟಿಗೆ ಬೇಕು. ವರ್ಚುವಲ್ ಮಷೀನ್ ಆದರೋ ಕೊನೆಗೆ ಕೆಲವು ಫೈಲುಗಳು. ಅದರ ಡಿಸ್ಕ್ ಒಂದು ಫೈಲು, ಅದರ ರಚನೆ ಇನ್ನೊಂದು ಫೈಲು. ಫೈಲನ್ನು ನಕಲು ಮಾಡಬಹುದು, ದೂರಕ್ಕೆ ಕಳಿಸಬಹುದು, ಬೇರೆ ಕಂಪನಿಯ ಪೆಟ್ಟಿಗೆಯ ಮೇಲೂ ಓಡಿಸಬಹುದು. 2003ರಲ್ಲಿ ವಿಎಂವೇರ್, ಓಡುತ್ತಿರುವ ವರ್ಚುವಲ್ ಮಷೀನನ್ನು ನಿಲ್ಲಿಸದೆಯೇ ಒಂದು ಸರ್ವರಿನಿಂದ ಇನ್ನೊಂದಕ್ಕೆ ದಾಟಿಸಿ ತೋರಿಸಿತು. 2008ರ ಹೊತ್ತಿಗೆ ಒಂದು ಕೇಂದ್ರದ ಯಂತ್ರಗಳನ್ನು ಇನ್ನೊಂದು ಕೇಂದ್ರದಲ್ಲಿ ಯಾವ ಅನುಕ್ರಮದಲ್ಲಿ ಎಬ್ಬಿಸಬೇಕು ಎಂಬುದನ್ನೇ ಬರೆದಿಟ್ಟು, ಬೇಕಾದಾಗ ನಡೆಸುವ ತಂತ್ರಾಂಶವೂ ಬಂತು.

ಅಂದರೆ ಯಂತ್ರವೇ ಒಂದು ಹಸ್ತಪ್ರತಿಯಾಯಿತು. ಪ್ರತಿ ಮಾಡುವುದು ಅಗ್ಗವಾಯಿತು. ದೊಡ್ಡ ಬ್ಯಾಂಕಿಗೆ ಮಾತ್ರ ಸಾಧ್ಯವಿದ್ದದ್ದು ಪುಣೆಯ ಒಂದು ಸಣ್ಣ ಕಾರ್ಖಾನೆಗೂ, ಹೈದರಾಬಾದಿನ ಒಂದು ನರ್ಸಿಂಗ್ ಹೋಮಿಗೂ ಎಟುಕಿತು. ಹಾಟ್ ಸೈಟ್‌ಗಳ ಕಾಲ ಮುಗಿಯಿತು. ಸನ್‌ಗಾರ್ಡಿನ ಆ ವಿಭಾಗ 2019ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ ದಿವಾಳಿ ಅರ್ಜಿ ಹಾಕಿತು.

ಘಾನಾದ ಕರೆಂಟು ಹೋದದ್ದು

ಪ್ರತಿ ಅಗ್ಗವಾದಾಗ ಅದರ ಮೇಲಿನ ನಂಬಿಕೆಯೂ ಹೆಚ್ಚುತ್ತದೆ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ದುಷ್ಟ ತಂತ್ರಾಂಶ ಉಕ್ರೇನಿನ ಒಂದು ಲೆಕ್ಕಪತ್ರ ತಂತ್ರಾಂಶದ ಮೂಲಕ ಹರಡಿತು. ಡೆನ್ಮಾರ್ಕಿನ ಹಡಗು ಸಾಗಣೆ ಕಂಪನಿ ಮೆರ್ಸ್ಕ್‌ನ ಜಾಲಕ್ಕೂ ನುಗ್ಗಿತು. ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಮೂಹ ನಡೆಸುವ ಟರ್ಮಿನಲ್ ಕೂಡ ಅವತ್ತು ಸ್ಥಗಿತವಾಯಿತು.

ಯಾರು ಯಾವ ಯಂತ್ರಕ್ಕೆ ಪ್ರವೇಶಿಸಬಹುದು ಎಂಬುದನ್ನು ನಿರ್ಧರಿಸುವ ಡೊಮೈನ್ ಕಂಟ್ರೋಲರ್ ಎಂಬ ಸರ್ವರುಗಳು ಮೆರ್ಸ್ಕ್‌ಗೆ ಸುಮಾರು 150 ಇದ್ದವು. ಜಗತ್ತಿನ ತುಂಬ ಹರಡಿದ್ದವು, ಪರಸ್ಪರ ಕನ್ನಡಿಗಳಾಗಿದ್ದವು. ಒಂದು ಹೋದರೆ ಇನ್ನೊಂದಿದೆ ಎಂಬ ಧೈರ್ಯದಲ್ಲಿ ಅವುಗಳ ಪಟ, ಎಂದರೆ ಪ್ರತ್ಯೇಕ ಬ್ಯಾಕಪ್, ಇರಲಿಲ್ಲ. ಆದರೆ ಅವೆಲ್ಲವನ್ನೂ ಜೋಡಿಸಿದ್ದ ಜಾಲವೇ ಮಾರಿಯನ್ನೂ ಹೊತ್ತು ತಂದಿತು. ಒಂದೇ ಏಟಿಗೆ ಎಲ್ಲವೂ ಅಳಿಸಿಹೋದವು. ಉಳಿದದ್ದು ಒಂದು, ಆಫ್ರಿಕಾದ ಘಾನಾದಲ್ಲಿ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು. ಆ ಸರ್ವರ್ ಜಾಲದಿಂದ ಕಡಿದುಹೋಗಿತ್ತು, ಆದ್ದರಿಂದಲೇ ಬದುಕಿತು.

ಅದರಲ್ಲಿದ್ದದ್ದನ್ನು ಇಂಗ್ಲೆಂಡಿಗೆ ಇಂಟರ್ನೆಟ್ಟಿನಲ್ಲಿ ಕಳಿಸೋಣವೆಂದರೆ ಅಲ್ಲಿನ ಸಂಪರ್ಕ ತೀರ ನಿಧಾನ. ಘಾನಾದ ಸಿಬ್ಬಂದಿಗೆ ಬ್ರಿಟನ್ನಿನ ವೀಸಾ ಇರಲಿಲ್ಲ. ಒಬ್ಬರು ನೈಜೀರಿಯಾಕ್ಕೆ ಹಾರಿ, ಅಲ್ಲಿನ ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಕೈಗೆ ಹಾರ್ಡ್ ಡಿಸ್ಕ್ ಒಪ್ಪಿಸಿದರು. ಅವರು ಅದನ್ನು ಲಂಡನ್ನಿಗೆ ಹೊತ್ತರು. ಟ್ರಕ್ಕಿನ ಕಾಲದ ವಿದ್ಯೆಯೇ ಕೊನೆಗೆ ಕೈಹಿಡಿಯಿತು. ಹತ್ತು ದಿನಗಳಲ್ಲಿ ಕಂಪನಿ 4,000 ಸರ್ವರುಗಳನ್ನೂ 45,000 ಕಂಪ್ಯೂಟರುಗಳನ್ನೂ ಹೊಸದಾಗಿ ಕಟ್ಟಿತು. ನಷ್ಟ 25ರಿಂದ 30 ಕೋಟಿ ಡಾಲರ್. 150 ಪ್ರತಿಗಳು ನಿಜದಲ್ಲಿ ಒಂದೇ ಪ್ರತಿಯಾಗಿದ್ದವು. ಎರಡನೆಯದು ಇದ್ದದ್ದು ಕರೆಂಟು ಹೋದ ಊರಿನಲ್ಲಿ ಮಾತ್ರ.

ಮುಂಬೈನ ಒಂದು ಬುಧವಾರ

ಮತ್ತೆ ನಮ್ಮ ಷೇರುಪೇಟೆಗೆ ಬರೋಣ. 2021ರ ಫೆಬ್ರುವರಿ 24, ಬುಧವಾರ. ಬೆಳಗ್ಗೆ 11.40ಕ್ಕೆ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ವಹಿವಾಟು ನಿಂತಿತು. ಮತ್ತೆ ಶುರುವಾದದ್ದು ಮಧ್ಯಾಹ್ನ 3.45ಕ್ಕೆ, ಮಾಮೂಲಿ ಮುಚ್ಚುವ ವೇಳೆ ಮೀರಿದ ಮೇಲೆ. ಅವತ್ತು ಸಂಜೆ 5ರವರೆಗೆ ಪೇಟೆ ನಡೆಯಿತು. ನಡುವಿನ ನಾಲ್ಕು ಗಂಟೆ ಷೇರುಗಳನ್ನು ಹಿಡಿದುಕೊಂಡವರು ಮಾರಲಾಗದೆ, ಪೇಟೆ ಮತ್ತೆ ತೆರೆಯುತ್ತದೋ ಇಲ್ಲವೋ ತಿಳಿಯದೆ ಕೂತರು. ಚೆನ್ನೈನಲ್ಲಿ ಎಕ್ಸ್‌ಚೇಂಜ್‌ಗೆ ವಿಪತ್ತು ಕೇಂದ್ರವಿತ್ತು. ವಹಿವಾಟನ್ನು ಅಲ್ಲಿಗೆ ದಾಟಿಸಲಿಲ್ಲ.

ಆಮೇಲೆ ಎಕ್ಸ್‌ಚೇಂಜ್ ಕೊಟ್ಟ ವಿವರಣೆ ಓದಿದರೆ ಇಡೀ ಚರಿತ್ರೆ ಒಂದೇ ಬೆಳಗಿನಲ್ಲಿ ಮರುಕಳಿಸಿದಂತಿದೆ. ಮುಖ್ಯ ಕೇಂದ್ರಕ್ಕೂ ಹತ್ತಿರದ ಪ್ರತಿ ಕೇಂದ್ರಕ್ಕೂ ನಡುವೆ ಎರಡು ದೂರಸಂಪರ್ಕ ಕಂಪನಿಗಳ ಮಾರ್ಗಗಳಿದ್ದವು. ಎರಡೂ ಅಸ್ಥಿರವಾದವು. ಕಾರಣ, ದಾರಿಯುದ್ದಕ್ಕೂ ನಡೆಯುತ್ತಿದ್ದ ಅಗೆತ ಮತ್ತು ಕಟ್ಟಡ ಕೆಲಸ. ಮಾರ್ಗ ಹೋದರೂ ಮುಖ್ಯ ಕೇಂದ್ರದ ಶೇಖರಣಾ ವ್ಯವಸ್ಥೆ ತನ್ನ ಪಾಡಿಗೆ ತಾನು ನಡೆಯಬೇಕಿತ್ತು. ಅದು ನಡೆಯಲಿಲ್ಲ, ಸರ್ವರುಗಳ ಕೈಗೇ ಸಿಗದೆ ಹೋಯಿತು. ವಹಿವಾಟಿನ ಅಪಾಯವನ್ನು ಅಳೆಯುವ ವ್ಯವಸ್ಥೆ ನಿಂತಿತು. ಅದಿಲ್ಲದೆ ವಹಿವಾಟು ನಡೆಸುವಂತಿಲ್ಲ. ಒಂದು ಪೈಸೆಯ ಲೆಕ್ಕವೂ ಕಳೆಯಬಾರದು ಎಂದು ಮಾಡಿದ ನಿಖರ ಪ್ರತಿಯ ಏರ್ಪಾಡೇ ಮೂಲವನ್ನು ಕೆಡವಿತ್ತು.

ಭಾರತದ ನಿಯಮಗಳು ದೂರದ ವಿಷಯದಲ್ಲಿ ಅಮೆರಿಕಕ್ಕಿಂತ ಖಚಿತವಾಗಿವೆ. ಸೆಬಿಯ ಪ್ರಕಾರ ವಿಪತ್ತು ಕೇಂದ್ರ ಬೇರೆ ಭೂಕಂಪ ವಲಯದಲ್ಲಿರುವುದು ಒಳ್ಳೆಯದು. ಅದಾಗದಿದ್ದರೆ ಕನಿಷ್ಠ 500 ಕಿ.ಮೀ. ದೂರವಿರಬೇಕು. ಲೆಕ್ಕ ಕಳೆಯದಂತೆ ಹತ್ತಿರದಲ್ಲೂ ಒಂದು ಕೇಂದ್ರವಿರಬೇಕು. ಹತ್ತಿರದ ನಿಖರತೆ, ದೂರದ ಸುರಕ್ಷೆ ಎರಡನ್ನೂ ಕೊಳ್ಳಿ ಎಂದರ್ಥ. ಫೆಬ್ರುವರಿ 24 ತೋರಿಸಿದ್ದು, ಇವೆರಡೂ ಇದ್ದ ಮೇಲೂ ಮೂರನೆಯದೊಂದು ಬೇಕು ಎಂದು. ‘ಇದು ವಿಪತ್ತು’ ಎಂದು ಬಾಯಿಬಿಟ್ಟು ಹೇಳುವ ಮನುಷ್ಯ. ಇನ್ನೇನು ಸರಿಹೋಗುತ್ತದೆ, ಇನ್ನು ಹತ್ತು ನಿಮಿಷ ನೋಡೋಣ ಎನ್ನುವುದು ಯಾವ ಕಚೇರಿಯಲ್ಲೂ ಸಹಜ. ಅದೇ ಮಾರ್ಚಿನಲ್ಲಿ ಸೆಬಿ ಹೊರಡಿಸಿದ ಸುತ್ತೋಲೆ ಈ ಸಹಜತೆಗೇ ಕೈಹಾಕಿತು. ಮುಖ್ಯ ವ್ಯವಸ್ಥೆ ನಿಂತರೆ 30 ನಿಮಿಷದೊಳಗೆ ವಿಪತ್ತು ಎಂದು ಘೋಷಿಸಬೇಕು. ಘೋಷಿಸಿದ 45 ನಿಮಿಷದೊಳಗೆ ವಹಿವಾಟು ಮರಳಬೇಕು. ಮೂರು ವರ್ಷದ ನಂತರದ ಆ ಶನಿವಾರದ ತಾಲೀಮಿನ ಹಿಂದೆ ಈ ಬುಧವಾರವಿದೆ.

ಮಾತೃಪ್ರತಿಯ ಪಾಠ

ಈ ಎಲ್ಲ ಕಥೆಗಳಲ್ಲಿ ಕಾಣುವ ಒಂದು ಸತ್ಯ ಹಳೆಯ ಹಸ್ತಪ್ರತಿಗಳನ್ನು ಸಂಪಾದಿಸುವವರಿಗೆ ಬಹುಕಾಲದಿಂದ ಗೊತ್ತು. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯಿಂದ ನಮ್ಮ ವಿದ್ಯಾರ್ಥಿಗಳು ಕಲಿತ ಶಾಸ್ತ್ರದ ಒಂದು ಮುಖ್ಯ ತತ್ವ ಇದು: ಪ್ರತಿಗಳನ್ನು ಎಣಿಸಬೇಡಿ, ಅವುಗಳ ವಂಶ ನೋಡಿ. ಒಂದು ಕಾವ್ಯದ ಹತ್ತು ಓಲೆಪ್ರತಿಗಳು ಸಿಕ್ಕವು ಎನ್ನಿ. ಹತ್ತೂ ಒಂದೇ ಮಾತೃಪ್ರತಿಯಿಂದ ಇಳಿದವಾದರೆ ಹತ್ತರಲ್ಲೂ ಅದೇ ತಪ್ಪುಗಳಿರುತ್ತವೆ. ಸಾಕ್ಷಿಯ ಲೆಕ್ಕದಲ್ಲಿ ಅವು ಹತ್ತಲ್ಲ, ಒಂದು. ಬೇರೆ ಊರಿನಲ್ಲಿ ಬೇರೆ ಲಿಪಿಕಾರ ಬೇರೆ ಮೂಲದಿಂದ ಬರೆದ ಹನ್ನೊಂದನೆಯ ಹರಕು ಪ್ರತಿಯೇ ನಿಜವಾದ ಎರಡನೆಯದು. ಮೆರ್ಸ್ಕ್‌ನ ಕಥೆಯನ್ನು ಗ್ರಂಥಸಂಪಾದಕರಿಗೆ ಹೇಳಿದರೆ ಅವರಿಗೆ ಆಶ್ಚರ್ಯವಾಗಲಿಕ್ಕಿಲ್ಲ.

ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು ಎಂಬುದು ನಮಗೆಲ್ಲ ಗೊತ್ತಿರುವ ಮಾತು. ಅದನ್ನು ದಾನವೆಂದು ಓದಿಕೊಂಡು ಬಂದಿದ್ದೇವೆ, ಸರಿಯೇ. ಆದರೆ ಆಕೆ ಸಾವಿರ ಪ್ರತಿಗಳನ್ನು ಒಂದೇ ಭಂಡಾರದಲ್ಲಿ ಪೇರಿಸಿಡಲಿಲ್ಲ, ಹಂಚಿದಳು ಎಂಬುದನ್ನು ಗಮನಿಸಬೇಕು. ಅದೇ ಪೊನ್ನ ‘ಭುವನೈಕರಾಮಾಭ್ಯುದಯ’ ಎಂಬ ಇನ್ನೊಂದು ಕಾವ್ಯ ಬರೆದಿದ್ದ. ಅದು ಇಂದು ನಮಗೆ ಸಿಗುವುದಿಲ್ಲ. ‘ಶಾಂತಿಪುರಾಣ’ ಇದೆ. ಕಾಲ ಯಾವುದನ್ನು ಉಳಿಸುತ್ತದೆ ಎಂಬುದಕ್ಕೆ ಕಾರಣಗಳು ಹಲವು. ಆದರೂ ಒಬ್ಬನೇ ಕವಿಯ ಎರಡು ಕೃತಿಗಳ ಈ ಎರಡು ಗತಿ ಮನಸ್ಸಿನಲ್ಲಿ ಉಳಿಯುವಂಥದ್ದು.

ಅಸಲು ಎಲ್ಲಿದೆ?

ಇದು ಬ್ಯಾಂಕು, ಹಡಗು, ಷೇರುಗಳ ಮಾತಷ್ಟೇ ಅಲ್ಲ. ಹೊರರಾಜ್ಯದಲ್ಲಿರುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಒಂದಿಷ್ಟು ಜಮೀನಿದೆ. ಅದರ ಪಹಣಿ ಒಂದು ಕಾಲಕ್ಕೆ ಗ್ರಾಮಲೆಕ್ಕಿಗರ ಕೈಬರಹದಲ್ಲಿ, ಅವರ ದಪ್ಪ ಪುಸ್ತಕದಲ್ಲಿತ್ತು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಕೈಬರಹದ ಕಾಲದಲ್ಲಿ ತಿದ್ದುಪಡಿ, ಲಂಚ, ಅಲೆದಾಟ ಎಷ್ಟಿತ್ತು ಎಂಬುದು ಹಳೆಯ ತಲೆಮಾರಿಗೆ ಗೊತ್ತು. ಬದಲಾವಣೆ ಬೇಕಿತ್ತು. ಆದರೆ ಅದರೊಂದಿಗೆ ಸಾವಿರಾರು ಹಳ್ಳಿಗಳಲ್ಲಿ ಚದುರಿದ್ದ ಅಸಲು ಒಂದೆಡೆ ಕೂಡಿಕೊಂಡಿತು. ಪಿಂಚಣಿ, ಭವಿಷ್ಯ ನಿಧಿ, ಅಂಕಪಟ್ಟಿ, ಆಸ್ಪತ್ರೆಯ ಚೀಟಿ ಎಲ್ಲದರದೂ ಈಗ ಇದೇ ದಾರಿ. ಮನೆಯ ಟ್ರಂಕಿನಲ್ಲಿ ಇರುವುದು ನಕಲು. ಅಸಲು ಎಲ್ಲೋ ಒಂದು ಸರ್ವರಿನಲ್ಲಿದೆ.

ಆ ‘ಎಲ್ಲೋ’ ಎಷ್ಟು ಗಟ್ಟಿ ಎಂಬ ಪ್ರಶ್ನೆ ಉತ್ಪ್ರೇಕ್ಷೆಯಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ, ಸರಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳಿಗೆ ಬೆಂಕಿ ಬಿತ್ತು. ನೂರಾರು ಸರಕಾರಿ ಸೇವೆಗಳು ನಿಂತವು. ಸರಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ವ್ಯವಸ್ಥೆಯ 858 ಟೆರಾಬೈಟ್ ದತ್ತಾಂಶ ಸುಟ್ಟುಹೋಯಿತು. ಅದಕ್ಕೆ ಹೊರಗೆ ಬ್ಯಾಕಪ್ ಇರಲಿಲ್ಲ. ಗಾತ್ರ ತುಂಬ ದೊಡ್ಡದಾಗಿದ್ದರಿಂದ ಮಾಡಿರಲಿಲ್ಲ ಎಂಬುದು ಅಧಿಕಾರಿಗಳು ಕೊಟ್ಟ ಕಾರಣ. ಜಗತ್ತಿನ ಅತ್ಯಂತ ಮುಂದುವರಿದ ಡಿಜಿಟಲ್ ಸರಕಾರಗಳಲ್ಲಿ ಒಂದಾದ ದೇಶದ ಕಥೆ ಇದು.

ನಮ್ಮ ನಗರಗಳೂ ಇಂಥ ದಿನಗಳನ್ನು ಕಂಡಿವೆ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತು. 2015ರ ಡಿಸೆಂಬರ್ 2ರಂದು ಚೆನ್ನೈನ ಪ್ರವಾಹಕ್ಕೆ ಸಿಕ್ಕಿ, 1878ರಲ್ಲಿ ಶುರುವಾದ ‘ದಿ ಹಿಂದೂ’ ಪತ್ರಿಕೆ ಆ ನಗರದಲ್ಲಿ ಮೊದಲ ಬಾರಿಗೆ ಅಚ್ಚಾಗಲಿಲ್ಲ. ಮುಂಬೈಗೆ ಚೆನ್ನೈ ಆಸರೆ, ಚೆನ್ನೈಗೆ ಇನ್ನೊಂದು ಊರು ಆಸರೆ. ಸದ್ಯ ನಮ್ಮ ಸಂಸ್ಥೆಗಳು ಕಂಡುಕೊಂಡಿರುವ ಉಪಾಯ ಇಷ್ಟು: ಎರಡೂ ಕಡೆ ಒಂದೇ ದಿನ ಮುಳುಗದಿರಲಿ.

ಹಾಗಾದರೆ ಪ್ರಜೆಯಾಗಿ, ಗ್ರಾಹಕರಾಗಿ ಕೇಳಬೇಕಾದ್ದು ‘ಬ್ಯಾಕಪ್ ಇದೆಯೇ’ ಎಂದಲ್ಲ. ಅದಕ್ಕೆ ಎಲ್ಲರೂ ಇದೆ ಎಂದೇ ಹೇಳುತ್ತಾರೆ. ಕೇಳಬೇಕಾದ್ದು, ಅದನ್ನು ಕೊನೆಯ ಸಲ ಯಾವಾಗ ತೆರೆದು ನಡೆಸಿ ನೋಡಿದಿರಿ ಎಂದು. ಅದರ ಬೀಗದ ಕೈ ಎಷ್ಟು ಜನರ ಬಳಿ ಇದೆ ಎಂದು. ಮೂಲವನ್ನು ಅಳಿಸಿದ ಕೈಗೆ ಅದೂ ಎಟುಕುತ್ತದೆಯೇ ಎಂದು. ಮನೆಯಲ್ಲೂ ಇದೇ ಲೆಕ್ಕ. ಅಪ್ಪ ಅಮ್ಮನ ಪಟಗಳು ಫೋನಿನಲ್ಲಿ, ಅದೇ ಫೋನಿನ ಖಾತೆಗೆ ಜೋಡಿಸಿದ ಕ್ಲೌಡಿನಲ್ಲಿ ಇದ್ದರೆ ಅವು ಎರಡು ಪ್ರತಿಯಲ್ಲ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಅಳಿಯುತ್ತದೆ. ಧಾರವಾಡದ ಅಕ್ಕನ ಮನೆಯ ಕಪಾಟಿನಲ್ಲಿ ಒಂದು ಹಾರ್ಡ್ ಡಿಸ್ಕ್ ಇಟ್ಟು, ವರ್ಷಕ್ಕೊಮ್ಮೆ ದೀಪಾವಳಿಗೆ ಹೋದಾಗ ಅದನ್ನು ತೆರೆದು ನೋಡಿದರೆ, ಅದು ಎರಡನೆಯದು.